ಹಿಂದಿನಿಂದ ಹೇಳಿಕೊಡುವುದನ್ನು ನಿಲ್ಲಿಸಿದ ಮೇಲೆ

ಕಳೆದ ಫೆಬ್ರವರಿಯಲ್ಲಿ, ನಮ್ಮೂರಿನ ಭಜನಾ ಮಂದಿರದ ವಾರ್ಷಿಕೋತ್ಸವದ ರಾತ್ರಿ, ನನ್ನ ತರಗತಿಯ 14 ಮಕ್ಕಳು ಎರಡೂವರೆ ಗಂಟೆಯ ಯಕ್ಷಗಾನ ಆಟವನ್ನು ಆಡಿ ಮುಗಿಸಿದರು. ರಂಗಸ್ಥಳದ ಹಿಂದೆ ಪುಸ್ತಕ ಹಿಡಿದು ಮಾತು ಹೇಳಿಕೊಡುವವರು ಯಾರೂ ಇರಲಿಲ್ಲ. ಅರ್ಥ, ಅಂದರೆ ಭಾಗವತರು ಹಾಡಿದ ಪದ್ಯದ ಮೇಲೆ ವೇಷಧಾರಿ ಆಡುವ ಮಾತು, ಜಾರಿದ್ದು ನನ್ನ ಲೆಕ್ಕದಲ್ಲಿ ಐದೋ ಆರೋ ಕಡೆ. ಪೂರ್ತಿ ನಿಂತುಹೋದದ್ದು ಒಂದೇ ಕಡೆ, ಅದೂ ಮೂರು ನಾಲ್ಕು ಸೆಕೆಂಡು. ಮಕ್ಕಳ ಆಟ ಮಾಡಿಸಿದವರಿಗೆ ಇದರ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ. ಹೇಳಿಕೊಡದೆ ಮಕ್ಕಳೇ ನೆನಪಿನಿಂದ ಎಳೆದು ಹೇಳುವಂತೆ ಮಾಡುವ ಈ ಕ್ರಮವನ್ನು ಎರಡು ವರ್ಷಗಳ ಹಿಂದೆ ಹಿಡಿದಾಗ ಹಾಡು, ಚೆಂಡೆ, ಮದ್ದಳೆಯ ಹಿಮ್ಮೇಳದವರೂ ಒಪ್ಪಿರಲಿಲ್ಲ, ಹೆತ್ತವರೂ ಒಪ್ಪಿರಲಿಲ್ಲ. ಆದ್ದರಿಂದ ನಾನು ಮಾಡಿದ್ದನ್ನೂ ಕಳೆದುಕೊಂಡದ್ದನ್ನೂ, ನನ್ನ ಹಾಗೆ ಮಕ್ಕಳಿಗೆ ಕಲಿಸುತ್ತಿರುವವರ ಉಪಯೋಗಕ್ಕೆಂದು ಬರೆದಿಡುತ್ತಿದ್ದೇನೆ.

ಹಗಲು ನಾನು ಕಾಸರಗೋಡಿನ ಕುಂಬಳೆ ಸೀಮೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಅಧ್ಯಾಪಕ. ಶನಿವಾರ, ಭಾನುವಾರ ಸಂಜೆ ಮಂದಿರದ ಜಗಲಿಯಲ್ಲಿ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ನಾಟ್ಯ ಮತ್ತು ಅರ್ಥ ಕಲಿಸುತ್ತೇನೆ. ಕರಿಹಲಗೆಯ ಮೇಲೆ ಬರೆದು ತೋರಿಸುವ ಮೆದುಳಿನ ಚಿತ್ರ ಜಗಲಿಯ ಪಾಠಕ್ಕೂ ಸಲ್ಲುತ್ತದೆ ಎಂಬುದು ನನಗೆ ಹೊಳೆದದ್ದು ಹನ್ನೊಂದು ವರ್ಷ ಕಲಿಸಿದ ಮೇಲೆ.

ಮೊದಲ ನಷ್ಟ ರಜಾ ಶಿಬಿರದ್ದು. ಮೇ ತಿಂಗಳಲ್ಲಿ ಹತ್ತು ದಿನ, ದಿನಕ್ಕೆ ಆರು ಗಂಟೆ, ಮಧ್ಯಾಹ್ನದ ಊಟ, ಚೆಂಡೆ ಮದ್ದಳೆಯವರ ಸಂಭಾವನೆ ಎಲ್ಲ ಸೇರಿ ಸುಮಾರು 22,000 ರೂಪಾಯಿ ಖರ್ಚಾಯಿತು. ಅದರಲ್ಲಿ ಎಂಟು ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು. ಕೊನೆಯ ದಿನದ ಪ್ರದರ್ಶನ ಬಹಳ ಚೊಕ್ಕವಾಗಿತ್ತು. ಮಳೆ ಹಿಡಿದು, ಶಾಲೆ ತೆರೆದು, ಮೂರು ವಾರ ಕಳೆದು ಮಕ್ಕಳನ್ನು ಕೂರಿಸಿ ಅದೇ ಪದ್ಯ ಎತ್ತಿದಾಗ ಅರ್ಧಕ್ಕರ್ಧ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ನರವಿಜ್ಞಾನಿ ಎರಿಕ್ ಕ್ಯಾಂಡಲ್ ಅವರು ಅಪ್ಲೀಸಿಯ ಎಂಬ ಕಡಲ ಬಸವನಹುಳುವಿನ ಮೇಲೆ ಮಾಡಿದ ಕೆಲಸ ಆಗ ನೆನಪಾಯಿತು. 2000ದ ನೊಬೆಲ್ ಅವರಿಗೆ ಬಂದದ್ದು ಈ ದಾರಿಯ ಸಂಶೋಧನೆಗೇ. ಆ ಹುಳುವನ್ನು ಒಂದೇ ಸಲಕ್ಕೆ ಎಡೆಬಿಡದೆ 40 ಬಾರಿ ಮುಟ್ಟಿ ರೂಢಿ ಮಾಡಿಸಿದರೆ ಆ ರೂಢಿ ಒಂದು ದಿನ ಮಾತ್ರ ಉಳಿಯುತ್ತದೆ. ದಿನಕ್ಕೆ 10 ಬಾರಿಯಂತೆ ನಾಲ್ಕು ದಿನ ಮುಟ್ಟಿದರೆ ವಾರಗಟ್ಟಲೆ ಉಳಿಯುತ್ತದೆ. ಮುಟ್ಟಿದ ಲೆಕ್ಕ ಎರಡರಲ್ಲಿಯೂ ಒಂದೇ. ನೆನಪು ದೀರ್ಘಕಾಲ ನಿಲ್ಲಬೇಕಾದರೆ ನರಕೋಶಗಳು ಹೊಸ ಪ್ರೋಟೀನು ತಯಾರಿಸಿ ತಮ್ಮ ನಡುವಿನ ಸಂಧಿಗಳನ್ನು ಮಾರ್ಪಡಿಸಿಕೊಳ್ಳಬೇಕು, ಅದಕ್ಕೆ ಬಿಡುವು ಬೇಕು. ನನ್ನ ಶಿಬಿರದ 60 ಗಂಟೆಗಳಲ್ಲಿ ನಾನು ಕೊಡದೆ ಉಳಿಸಿಕೊಂಡದ್ದು ಆ ಬಿಡುವನ್ನೇ. ಈಗ ಅದೇ 60 ಗಂಟೆಗಳನ್ನು ವಾರಕ್ಕೆ ಎರಡರಂತೆ 30 ವಾರಗಳಿಗೆ ಹಂಚುತ್ತೇನೆ. ಊಟದ ಖರ್ಚೂ ಇಲ್ಲ.

ಎರಡನೆಯದು ಧ್ವನಿಮುದ್ರಣ. ಎಲ್ಲರ ಅರ್ಥವನ್ನು ನಾನೇ ಹೇಳಿ ಫೋನಿನಲ್ಲಿ ತುಂಬಿಸಿ ವಾಟ್ಸಾಪಿನಲ್ಲಿ ಕಳುಹಿಸಿದೆ. ಜಗಲಿಗೆಂದು 4,500 ರೂಪಾಯಿಯ ಸ್ಪೀಕರನ್ನೂ ತಂದೆ. ಮಕ್ಕಳು ಕೇಳಿದರು, ದಿನಕ್ಕೆ ಎರಡು ಮೂರು ಸಲ ಕೇಳಿದರು, ಕೇಳುವಾಗ ಜೊತೆಗೆ ತುಟಿಯನ್ನೂ ಆಡಿಸಿದರು. ಸ್ಪೀಕರ್ ನಿಲ್ಲಿಸಿದರೆ ಮಾತು ನಿಲ್ಲುತ್ತಿತ್ತು. ಕೇಳಿದ ಮಾತನ್ನು ‘ಇದು ನನಗೆ ಗೊತ್ತು’ ಎಂದು ಗುರುತು ಹಿಡಿಯುವುದು ಒಂದು ಕೆಲಸ, ಯಾರೂ ಹೇಳದೆ ಅದನ್ನು ಒಳಗಿನಿಂದ ಎಳೆದು ತರುವುದು ಬೇರೆಯೇ ಕೆಲಸ. ನಾನು ಮೊದಲನೆಯದನ್ನು ಅಭ್ಯಾಸ ಮಾಡಿಸಿ ಎರಡನೆಯದನ್ನು ನಿರೀಕ್ಷಿಸುತ್ತಿದ್ದೆ.

ದಾರಿ ತೋರಿದ್ದು ನನ್ನ ದೊಡ್ಡಪ್ಪ. ಪ್ರಾಯದಲ್ಲಿ ಮೇಳದ ತಿರುಗಾಟದಲ್ಲಿದ್ದು ರಾಕ್ಷಸ ಪಾತ್ರಗಳ ಬಣ್ಣದ ವೇಷ ಮಾಡಿದವರು. ಕೊನೆಯ ಮೂರು ವರ್ಷ ಮರೆವು ಪೂರ್ತಿ ಆವರಿಸಿತ್ತು. ಒಂದು ಸಂಜೆ ನಾನು ಚಾವಡಿಯ ಬೆಂಚಿನ ಮೇಲೆ ಕುಳಿತು, ಮರುದಿನದ ಪಾಠಕ್ಕೆಂದು ಏಕತಾಳವನ್ನು ಬೆರಳಿನಲ್ಲಿ ತಟ್ಟುತ್ತಾ ಬಾಯಿತಾಳ ಹೇಳಿಕೊಳ್ಳುತ್ತಿದ್ದೆ. ಅವರು ಅದಕ್ಕೆ ಸ್ವಲ್ಪ ಮೊದಲು “ನೀನು ಯಾರ ಮಗ ಮಾರಾಯ?” ಎಂದು ನನ್ನನ್ನು ಕೇಳಿದ್ದರು. ತಟ್ಟುವಿಕೆ ಕಿವಿಗೆ ಬಿದ್ದಂತೆ ಅವರ ಬಲಗಾಲು ಅಲುಗಿತು. ಕುರ್ಚಿಯ ಕೈಗಳನ್ನು ಹಿಡಿದು ಎದ್ದರು, ಮುಂಡಿನ ತುದಿಯನ್ನು ಎಡಗೈಯಲ್ಲಿ ಎತ್ತಿಕೊಂಡರು, ಸಿಮೆಂಟಿನ ನೆಲದ ಮೇಲೆ ಹೆಜ್ಜೆ ಹಾಕತೊಡಗಿದರು. ನಾನು ಬೇಕೆಂದೇ ಮುಕ್ತಾಯವನ್ನು ಒಂದಾವರ್ತ ಮುಂದೂಡಿದೆ. ಅವರು ಕಾದರು, ಸರಿಯಾಗಿ ನನ್ನ ಕೊನೆಯ ಪೆಟ್ಟಿಗೆ ಕಾಲು ತಟ್ಟಿ ನಿಂತರು. ಮತ್ತೆ ಕುಳಿತು ಉಸಿರು ತಿರುಗಿಸಿಕೊಂಡ ಮೇಲೆ ನಾನು ಯಾರ ಮಗನೆಂದು ಪುನಃ ಕೇಳಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆನ್ರಿ ಮೊಲೈಸನ್ ಎಂಬವರ ಕಥೆಯನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಅಪಸ್ಮಾರವನ್ನು ತಡೆಯಲು 1953ರಲ್ಲಿ, ಅವರಿಗೆ 27 ವರ್ಷವಾಗಿದ್ದಾಗ, ಶಸ್ತ್ರಚಿಕಿತ್ಸೆ ಮಾಡಿ ಹೊಸ ನೆನಪು ಕೂರಲು ಬೇಕಾದ ಮೆದುಳಿನ ಭಾಗವಾದ ಹಿಪೊಕ್ಯಾಂಪಸ್ಸಿನ ದೊಡ್ಡ ಪಾಲನ್ನು ಎರಡೂ ಬದಿಯಿಂದ ತೆಗೆದುಬಿಟ್ಟರು. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಹೊಸದಾಗಿ ನಡೆದ ಸಂಗತಿಗಳು ಅವರಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲು ನಡೆಸುವ ಕೆಲಸವನ್ನು ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವರಿಂದ ಮೂರು ದಿನ ಮಾಡಿಸಿದಾಗ, ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಹಿಂದೆ ಅದನ್ನು ಮಾಡಿದ ನೆನಪು ಮಾತ್ರ ಅವರಿಗೆ ಇರಲಿಲ್ಲ. ಹೆಜ್ಜೆಯಂಥ ಕೈಕಾಲಿನ ಪಳಗಿಕೆಗೆ ಬೇಸಲ್ ಗ್ಯಾಂಗ್ಲಿಯ, ಸೆರೆಬೆಲ್ಲಮ್ ಎಂಬ ಮೆದುಳಿನ ಬೇರೆ ಭಾಗಗಳ ಆಧಾರ; ಯಾವ ಪದ್ಯದ ಮೇಲೆ ಯಾವ ಮಾತು ಎಂಬ ಹೊಸ ವಿಷಯ ಕೂರಬೇಕಾದರೆ ಹಿಪೊಕ್ಯಾಂಪಸ್ಸು ಬೇಕು. ನಾನೋ ಹೆಜ್ಜೆಯನ್ನು ಕಲಿಸುವ ರೀತಿಯಲ್ಲೇ ಅರ್ಥವನ್ನೂ ಕಲಿಸುತ್ತಿದ್ದೆ: ನಾನು ಹೇಳುವುದು, ಅವರು ಹಾಗೆಯೇ ಮಾಡುವುದು, ನೂರು ಸಲ. ಹೆಜ್ಜೆಗೆ ಅದು ಸರಿಯಾದ ಕ್ರಮ. ಅರ್ಥಕ್ಕೆ ಸಾಲದು.

ಹಾಗಾಗಿ ಎರಡನ್ನೂ ಬೇರೆ ಮಾಡಿದೆ. ಹೆಜ್ಜೆ ಮೊದಲಿನಂತೆಯೇ ನಡೆಯಿತು. ಅರ್ಥವನ್ನು ಮಾತ್ರ ಪ್ರತಿ ಪದ್ಯಕ್ಕೆ ನಾಲ್ಕು ತುಂಡು ಮಾಡಿ, ಎರಡೇ ಸಲ ಓದಿಸಿ, ಪುಸ್ತಕವನ್ನು ಮುಚ್ಚಿಸಿದೆ. ಅದರ ಸಾರವನ್ನು ಮಗು ಮೊದಲು ಮನೆಮಾತಿನಲ್ಲಿ ಹೇಳಬೇಕು. ನನ್ನ ಜಗಲಿಯಲ್ಲಿ ತುಳು, ಮಲಯಾಳ, ಕರಾಡ, ಹವ್ಯಕ ಎಲ್ಲವೂ ಇವೆ. ಸುಗ್ರೀವನ ದುಃಖವನ್ನು ತುಳುವಿನಲ್ಲಿ ಹೇಳಿದ ಹುಡುಗನಿಗೆ ಆಮೇಲೆ ಗ್ರಾಂಥಿಕ ಕನ್ನಡದ ಮಾತು ಜೋತುಬೀಳಲು ಒಂದು ಕೊಂಬೆ ಸಿಕ್ಕಿದಂತಾಗುತ್ತದೆ. ನಂತರ ಕನ್ನಡದಲ್ಲಿ. ಸಿಕ್ಕಿಹಾಕಿಕೊಂಡರೆ ನಾನು ಮನಸ್ಸಿನಲ್ಲೇ 20 ಎಣಿಸುವವರೆಗೆ ಬಾಯಿ ಬಿಡುವುದಿಲ್ಲ. ಆಮೇಲೆ ಮೊದಲ ಅಕ್ಷರ ಮಾತ್ರ. ಅದಕ್ಕೂ ಬಾರದಿದ್ದರೆ ಒಂದು ಪದ. ತಪ್ಪು ಹೇಳಿದರೆ ಆ ಗಳಿಗೆಯಲ್ಲೇ ತಿದ್ದುತ್ತೇನೆ, ಏಕೆಂದರೆ ಬಾಯಿಗೆ ಬಂದ ತಪ್ಪು ಎರಡು ಸಲ ಹೇಳಿದರೆ ಅದೇ ಪಾಠವಾಗುತ್ತದೆ. ಮರುದಿನ ಮನೆಯಲ್ಲಿ ತಾಯಿಯೋ ಅಣ್ಣನೋ ಪದ್ಯದ ಎತ್ತುಗಡೆಯನ್ನು (ಆರಂಭದ ಮಾತನ್ನು) ಮಾತ್ರ ಹೇಳಿ ಕೇಳಬೇಕು. ಆಮೇಲೆ ಮೂರನೆಯ ದಿನ, ಏಳನೆಯ ದಿನ, ಹದಿನಾರು, ಮೂವತ್ತೈದು, ಸುಮಾರಾಗಿ. ತಪ್ಪಿದ ತುಂಡು ಪುನಃ ಮೊದಲ ದಿನಕ್ಕೆ ಇಳಿಯುತ್ತದೆ.

ಈ ಇಳಿಸಿ ಹತ್ತಿಸುವ ಕ್ರಮವನ್ನು ಚೀಟಿ ಮತ್ತು ಡಬ್ಬಗಳಲ್ಲಿ ಮಾಡುವುದನ್ನು ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿದ್ದರು. ನಾನೂ ಮೊದಲು ಮಗುವಿಗೊಂದರಂತೆ ಮರದ ಡಬ್ಬ ಮಾಡಿಸಿದೆ, ಒಂದಕ್ಕೆ 120 ರೂಪಾಯಿ. ಆಷಾಢದ ತೇವಕ್ಕೆ ಚೀಟಿಗಳೆಲ್ಲ ಒಂದಕ್ಕೊಂದು ಅಂಟಿ ಬೂಸಲು ಹಿಡಿದವು. ಈಗ ನೂರು ಪುಟದ ಪುಸ್ತಕ, ತಾರೀಕು, ಒಂದು ಗೀಟು, ಅಷ್ಟೇ ಸಾಕು.

ಮೊದಲ ಆರು ವಾರಗಳು ಕಷ್ಟದ್ದು. ಹಳೆಯ ಕ್ರಮದಲ್ಲಿ ಕಲಿಯುವ ಮಕ್ಕಳು ಪಾಠ ಮುಗಿದೊಡನೆ ಗಡಗಡನೆ ಒಪ್ಪಿಸಿ ಏಳುತ್ತಿದ್ದರೆ, ನನ್ನ ಮಕ್ಕಳು ತಡವರಿಸುತ್ತಿದ್ದರು. “ಮಾಷ್ಟ್ರೇ, ಮಕ್ಕಳನ್ನು ನಿಲ್ಲಿಸಿ ಸುಮ್ಮನೆ ಮುಖ ನೋಡುವುದಕ್ಕೆ ಫೀಸು ಯಾಕೆ?” ಎಂದು ಒಬ್ಬ ತಾಯಿ ನೇರವಾಗಿಯೇ ಕೇಳಿದರು. ಐದು ಮಕ್ಕಳು ಬಿಟ್ಟರು; ತಲೆಗೆ ತಿಂಗಳಿಗೆ 300 ರೂಪಾಯಿಯಂತೆ ಆ ವರ್ಷ ಹತ್ತು ಸಾವಿರಕ್ಕೂ ಹೆಚ್ಚು ಹೋಯಿತು. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಕೈ ಹಿಡಿಯದಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಓದಿ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದಾಗ ನೆನಪಿಸಿಕೊಂಡವರು ಮುಂದೆ. ಹೆತ್ತವರು ನೋಡುತ್ತಿದ್ದದ್ದು ಐದು ನಿಮಿಷದ ಫಲವನ್ನು.

ನಮ್ಮ ಹಿರಿಯ ಭಾಗವತರ ಆಕ್ಷೇಪವೇ ನಿಜವಾಗಿ ಭಾರವಾದದ್ದು. “ಹೇಳಿಕೊಡದೆ ಬಾಯಿಪಾಠ ಬರುವುದುಂಟೋ? ನಮ್ಮ ಗುರುಗಳು ನೂರು ಸಲ ಹೇಳಿಸುತ್ತಿದ್ದರು” ಎಂದರು. ನಾನು ವಾದ ಮಾಡಲಿಲ್ಲ. ಬೆಳಗ್ಗೆ ಗುರುಗಳು ಏನು ಮಾಡಿಸುತ್ತಿದ್ದರು ಎಂದು ಕೇಳಿದೆ. ಕತ್ತಲು ಹರಿಯುವ ಮೊದಲು ಎಬ್ಬಿಸಿ, ದೀಪವಿಲ್ಲದೆ, ಹಿಂದಿನ ದಿನದ ಪದ್ಯವನ್ನು ಹೇಳಿಸುತ್ತಿದ್ದರಂತೆ. ತಪ್ಪಿದರೆ ಗಂಜಿ ತಡವಾಗುತ್ತಿತ್ತಂತೆ. ರಾತ್ರಿಯ ನಿದ್ದೆ ಕಳೆದು, ಪುಸ್ತಕವಿಲ್ಲದೆ ನೆನಪನ್ನು ಕರೆಯುವುದು ಅಲ್ಲಿಯೂ ಇತ್ತು. ನಾವು ನೂರು ಸಲ ಹೇಳಿಸುವುದನ್ನು ಉಳಿಸಿಕೊಂಡು ಆ ಬೆಳಗಿನ ಪರೀಕ್ಷೆಯನ್ನು ಬಿಟ್ಟೆವು ಎಂದು ನನ್ನ ದೃಢವಾದ ಅಭಿಪ್ರಾಯ.

ನಡುವೆ ಮಾಡಿದ ಕೆಲವು ಪ್ರಯೋಗಗಳನ್ನೂ ಹೇಳಬೇಕು. ಪ್ರಸಂಗದ, ಅಂದರೆ ಆಡುವ ಕಥೆಯ, ಅರುವತ್ತು ಚಿಲ್ಲರೆ ಪದ್ಯಗಳ ಅನುಕ್ರಮವನ್ನು ಭಾಗವತಿಕೆ ಕಲಿಯುವ ಒಬ್ಬಳು ಹುಡುಗಿಗೆ ದಾರಿಯ ಮೇಲೆ ಇರಿಸಿ ಕೊಟ್ಟೆ: ಬಸ್ಸು ನಿಲ್ಲುವ ಕಟ್ಟೆಯಲ್ಲಿ ಮೂರು ಪದ್ಯ, ಮೋರಿಯ ಮೇಲೆ ಮೂರು, ಮುರಕಲ್ಲಿನ ಕೋರೆಯ ಅಂಚಿನಲ್ಲಿ ಮೂರು, ಅಡಕೆ ತೋಟದ ಪಂಪುಶೆಡ್ಡಿನಲ್ಲಿ ಮೂರು, ಹೀಗೆ ಮಂದಿರದ ಮೆಟ್ಟಿಲವರೆಗೆ. ಹಿಪೊಕ್ಯಾಂಪಸ್ಸಿನಲ್ಲಿ ಸ್ಥಳವನ್ನು ಗುರುತಿಸುವ ಕೋಶಗಳಿವೆಯೆಂದು ಜಾನ್ ಓಕೀಫ್ 1971ರಲ್ಲಿ ತೋರಿಸಿದ್ದರು. ಮೋಸರ್ ದಂಪತಿಗಳ ಜೊತೆ ಅವರಿಗೆ 2014ರ ನೊಬೆಲ್ ಬಂತು. ಅನುಕ್ರಮಕ್ಕೆ ಈ ದಾರಿ ಅದ್ಭುತವಾಗಿ ಒದಗಿತು, ಎರಡೇ ವಾರದಲ್ಲಿ ಹುಡುಗಿ ಹಿಂದುಮುಂದಾಗಿಯೂ ಹೇಳಿದಳು. ಪದ್ಯದೊಳಗಿನ ಪದಗಳಿಗೆ ಮಾತ್ರ ಅದು ಏನೂ ಸಹಾಯ ಮಾಡಲಿಲ್ಲ. ನೆನಪಿಗೆ ಒಳ್ಳೆಯದೆಂದು ತಿಮರೆಯ (ಒಂದೆಲಗದ) ಚಟ್ನಿಯನ್ನು ಎರಡು ತಿಂಗಳು ತಿನ್ನಿಸಿದ ಮನೆಗಳಿವೆ, 380 ರೂಪಾಯಿಯ ಟಾನಿಕ್ಕನ್ನು ಕೊಡಿಸಿದ ಮನೆಗಳೂ ಇವೆ. ನನ್ನ ಪುಸ್ತಕದ ಗೀಟುಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಚಟ್ನಿ ಊಟಕ್ಕೆ ಒಳ್ಳೆಯದು, ತಿನ್ನಲಿ.

ಒಂದು ದೊಡ್ಡ ತಪ್ಪನ್ನು ನೀವು ಮಾಡದಿರಿ. ಅಂಗದನ ಸಂಧಾನವನ್ನೂ ಕೃಷ್ಣನ ಸಂಧಾನವನ್ನೂ ಒಂದೇ ತಿಂಗಳಲ್ಲಿ ಕಲಿಸಲು ಹೊರಟೆ. ಎರಡರಲ್ಲಿಯೂ ದೂತ, ಸಭೆ, ಅಹಂಕಾರಿಯಾದ ಅರಸ. ಉಪಜಿಲ್ಲಾ ಕಲೋತ್ಸವದ ವೇದಿಕೆಯಲ್ಲಿ ಅಂಗದನು ರಾವಣನನ್ನು ‘ಕೌರವ’ ಎಂದು ಕರೆದ. ಹತ್ತಿರ ಹತ್ತಿರದ ನೆನಪುಗಳು ಒಂದನ್ನೊಂದು ತಳ್ಳುತ್ತವೆ. ಅಂಥ ಪ್ರಸಂಗಗಳ ನಡುವೆ ಕನಿಷ್ಠ ಮೂರು ತಿಂಗಳ ಅಂತರ ಇಡುತ್ತೇನೆ.

ಇನ್ನೊಂದು ಪೆಟ್ಟು ಬಿದ್ದದ್ದು ಕಿರೀಟದಿಂದ. ಜಗಲಿಯಲ್ಲಿ ಒಂದೂ ತಪ್ಪದವರು ವೇಷ ಕಟ್ಟಿ ಚೆಂಡೆಯ ಎದುರು ನಿಂತಾಗ ತಬ್ಬಿಬ್ಬಾದರು. ನೀರಿನಡಿಯಲ್ಲಿ ಪದಗಳನ್ನು ಕಲಿತ ಮುಳುಗುಗಾರರಿಗೆ ಅವು ನೀರಿನಡಿಯಲ್ಲೇ ಹೆಚ್ಚು ನೆನಪಾಗುತ್ತವೆ, ದಡದಲ್ಲಿ ಕಲಿತದ್ದು ದಡದಲ್ಲಿ, ಎಂದು ಗಾಡೆನ್ ಮತ್ತು ಬ್ಯಾಡ್ಲಿ 1975ರಲ್ಲಿ ಬರೆದಿದ್ದಾರೆ. ಪ್ರತಿ ಅಭ್ಯಾಸಕ್ಕೂ ವೇಷಭೂಷಣ ಬಾಡಿಗೆಗೆ ತಂದರೆ ನಮ್ಮಂಥವರು ಉಳಿಯುವುದಿಲ್ಲ. ಅಡಕೆ ಹಾಳೆಯ ಟೊಪ್ಪಿಯಾದ ಮುಟ್ಟಾಳೆಗೆ ಮರಳು ತುಂಬಿದ ಬಟ್ಟೆಯ ಸುರುಳಿ ಹೊಲಿದು ತಲೆಗೆ ಕಟ್ಟಿಸಿದೆ, ಒಂದಕ್ಕೆ 40 ರೂಪಾಯಿ ಬಿತ್ತು. ಹದಿನಾರನೆಯ ದಿನದ ಒಪ್ಪಿಸುವಿಕೆಯಿಂದ ಮುಂದಕ್ಕೆ ಎಲ್ಲವೂ ಆ ಭಾರದೊಡನೆ, ಗೆಜ್ಜೆಯೊಡನೆ, ಜಾಗ ಬದಲಿಸಿ ಬದಲಿಸಿ: ಒಮ್ಮೆ ಶಾಲೆಯ ಅಂಗಳ, ಒಮ್ಮೆ ಗದ್ದೆಯ ಬದು.

ವಾರ್ಷಿಕೋತ್ಸವದ ನಂತರ ಬೇಕೆಂದೇ ಅಭ್ಯಾಸ ನಿಲ್ಲಿಸಿದೆ. ಜೂನಿನಲ್ಲಿ ಎರಡೇ ಸಂಜೆ ಕೂರಿಸಿ ಅದೇ ಆಟವನ್ನು ಪುನಃ ಆಡಿಸಿದೆ, ತಪ್ಪುಗಳು ಹತ್ತರೊಳಗೆ. ಹಿರಿಯ ಭಾಗವತರು ವೇಷ ಕಟ್ಟುವ ಚೌಕಿಗೆ ಬಂದು, ಬಣ್ಣ ತೆಗೆಯುತ್ತಿದ್ದ ಸುಗ್ರೀವನ ಎದುರು ನಡುವಿನ ಒಂದು ಪದ್ಯವನ್ನು ಎತ್ತಿದರು. ಹುಡುಗ ಮುಖಕ್ಕೆ ಎಣ್ಣೆ ಹಚ್ಚುತ್ತಲೇ ಅರ್ಥ ಹೇಳಿದ. ಅವರು ನನ್ನ ಪುಸ್ತಕ ತೆರೆಸಿ ತಾರೀಕುಗಳನ್ನು ಬಹಳ ಹೊತ್ತು ನೋಡಿದರು.

ಆಟದ ನಡುವೆ ಮಗು ನಿಂತುಹೋದರೆ ಚೆಂಡೆಯವರು ಕೊಡುವ ಒಂದು ಸಂಕೇತ, ಮತ್ತು ಯಾವ ಮಗುವನ್ನು ಯಾವಾಗ ಕರೆಯಬೇಕೆಂಬ ನನ್ನ ಸರದಿಯ ಲೆಕ್ಕ, ಇವೆರಡನ್ನು ಇಲ್ಲಿ ಬರೆದಿಲ್ಲ. ಜಗಲಿಗೆ ಬಂದವರಿಗೆ ತೋರಿಸುತ್ತೇನೆ. ಮಾರ್ಚಿನ ಪರೀಕ್ಷೆಯಲ್ಲಿ ಹೇಗೂ ಮೂರು ವಾರ ತಪ್ಪುತ್ತದೆ. ಆಗ ಎಲ್ಲ ತುಂಡುಗಳನ್ನೂ ಮೊದಲ ದಿನಕ್ಕೆ ಇಳಿಸಬೇಡಿ, ಒಮ್ಮೆ ಕೇಳಿ ನೋಡಿ, ತಪ್ಪಿದವುಗಳನ್ನು ಮಾತ್ರ ಇಳಿಸಿ. ಕಳೆದ ಸಲ ನನ್ನ 14 ಮಕ್ಕಳಲ್ಲಿ ಹೀಗೆ ಇಳಿಸಬೇಕಾದ ತುಂಡುಗಳು ನಾಲ್ಕರಲ್ಲಿ ಒಂದು ಪಾಲೂ ಆಗಲಿಲ್ಲ.