ಉಪ್ಪಿಟ್ಟು ಮಾಡ್ತಾ ಅಡುಗೆಮನೆ ಕನ್ನಡ ಕಲಿಸಿದ್ದು: ನನ್ನ ಅನುಭವ

ಹೊಸಬ್ರಿಗೆ ಅಡುಗೆಮನೆ ಕನ್ನಡ ಕಲಿಸೋರು ಸಾಮಾನ್ಯವಾಗಿ ತರಕಾರಿ ಹೆಸ್ರಿಂದ ಶುರು ಮಾಡ್ತಾರೆ, ನನ್ ಕೇಳಿದ್ರೆ ಅದು ಬೇಡ. ಬದನೆಕಾಯಿ, ಬೆಂಡೆಕಾಯಿ ಅಂತ ತಳ್ಳುಗಾಡಿಯವ್ರೇ ಕಲಿಸ್ಬಿಡ್ತಾರೆ. ಕಷ್ಟ ಇರೋದು ಹುರಿ, ಹೆಚ್ಚು, ಬಾಡಿಸು, ಕಲಸು, ಮಗುಚು ಇಂಥ ಮಾತುಗಳಲ್ಲಿ. ನಮ್ ಎದುರು ಮನೆಗೆ ಒಡಿಶಾ ಕಡೆ ಹುಡುಗಿ ಬಂದಿದಾಳೆ, ಆಪ್ ನೋಡ್ಕೊಂಡು "ಪುಸ್ತಕ ಮೇಜಿನ ಮೇಲಿದೆ" ಅನ್ನೋವಷ್ಟು ಕಲ್ತಿದ್ಲು, ಆದ್ರೆ "ಉರಿ ಸಣ್ಣ ಮಾಡಮ್ಮ" ಅಂದ್ರೆ ನನ್ ಮುಖ ನೋಡೋಳು. ಅವಳಿಗೆ ನಾನು ಆರಿಸ್ಕೊಂಡಿದ್ದು ಉಪ್ಪಿಟ್ಟು. ಹಾಸ್ಟೆಲ್‌ನಲ್ಲಿದ್ದೋರು ಕಾಂಕ್ರೀಟ್ ಅಂತ ಎಷ್ಟಾದ್ರೂ ಆಡ್ಕೊಳ್ಳಲಿ, ಬೇಗ ಆಗುತ್ತೆ, ಸಾಮಾನು ಕಮ್ಮಿ, ಮೇನ್ ಆಗಿ ಇದ್ರಲ್ಲಿ ಇಂಥ ಕೆಲಸಗಳು ಸುಮಾರು ಒಂದಾದ್ಮೇಲೆ ಒಂದು ಬರುತ್ತೆ.

ನನ್ ರೂಲ್ ಒಂದೇ, ಕೈ ಆಡ್ತಿರುವಾಗ ಬಾಯೂ ಆಡ್ಬೇಕು. ಒಂದ್ ಕಪ್ ಮೀಡಿಯಂ ರವೆ ಸಣ್ಣ ಉರೀಲಿ ಹುರೀತಾ "ರವೆ ಹುರೀತಾ ಇದೀನಿ" ಅಂತ ಅವಳೇ ಹೇಳ್ಬೇಕು, ಘಮ ಬಂದ್ಮೇಲೆ "ರವೆ ಹುರಿದಾಯ್ತು". ಆಮೇಲೆ ಎಣ್ಣೆ ಕಾಯಿಸಿ ಸಾಸಿವೆ ಹಾಕಿ ಸುಮ್ನೆ ನಿಂತ್ಕೋ, ಸಿಡಿದ್ಮೇಲೆ ಕಡ್ಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವು, ಹೆಚ್ಚಿಟ್ಟ ಈರುಳ್ಳಿ. ಇಲ್ಲಿ ಅವಳಿಗೊಂದು ಡೌಟ್ ಬಂತು, "ಅಕ್ಕಾ, ಹೆಚ್ಚು ಅಂದ್ರೆ ಜಾಸ್ತಿ ಅಲ್ವಾ?" ಅಂತ. ಹೌದಮ್ಮ, ಉಪ್ಪು ಹೆಚ್ಚಾದ್ರೆ ಜಾಸ್ತಿ, ಈರುಳ್ಳಿ ಹೆಚ್ಚಿದ್ರೆ ಚೂರು ಚೂರು ಅಂದೆ, ನಕ್ಕಿದ್ದೇ ನಕ್ಕಿದ್ದು.

ನಿಜವಾದ ಪಾಠ ನೀರು ಇಟ್ಟಾಗ. ಎರಡೂವರೆ ಕಪ್ ನೀರು ಹಾಕಿ (ಬನ್ಸಿ ರವೆ ಆದ್ರೆ ಮೂರು ಬೇಕು), ಉಪ್ಪು ಹಾಕಿ, ನಾನು ಕೇಳೋದು: ನೀನೇನ್ ಮಾಡ್ತಿದೀಯ? "ನೀರು ಕುದಿಸ್ತಾ ಇದೀನಿ." ನೀರು ಏನ್ ಮಾಡ್ತಿದೆ? "ಕುದೀತಾ ಇದೆ." ಈರುಳ್ಳಿ ಬಾಡುತ್ತೆ, ನಾವು ಬಾಡಿಸ್ತೀವಿ. ಉಪ್ಪು ಕರಗುತ್ತೆ, ಬೇಕಾದ್ರೆ ಕರಗಿಸ್ತೀವಿ, ರವೆ ಬೇಯುತ್ತೆ, ನಾವು ಬೇಯಿಸ್ತೀವಿ. ಸ್ಕೂಲಲ್ಲಿ ಪ್ರೇರಣಾರ್ಥಕ ಅಂತ ಬೋರ್ಡ್ ಮೇಲೆ ಬರೆದು ನಮಗೇ ತಲೆ ಕೆಡ್ಸಿದ್ದು ಇದೇ ವಿಷ್ಯ, ಒಲೆ ಮುಂದೆ ವಿವರಣೆನೇ ಬೇಡ, ಪಾತ್ರೆ ಕಣ್ಮುಂದೆ ಇರುತ್ತಲ್ಲ.

ಆಮೇಲೆ ರವೆನ ಒಂದ್ ಕೈಲಿ ಉದುರಿಸ್ತಾ ಇನ್ನೊಂದ್ ಕೈಲಿ ತಿರುವ್ತಾ, ಗಂಟಾಗ್ದಂಗೆ ನೋಡ್ಕೊಂಡು, ತಟ್ಟೆ ಮುಚ್ಚಿ ಎರಡ್ ನಿಮಿಷ ಬಿಡೋದು, ಕಾಯಿತುರಿ ಹಾಕಿ ನಿಂಬೆಹಣ್ಣು ಹಿಂಡೋದು. ಅಷ್ಟೇ.

ತಿನ್ನೋಕೆ ಮುಂಚೆ ಒಂದು ಟೆಸ್ಟ್ ಇಟ್ಟಿದ್ದೆ. ಪೂರ್ತಿ ಉಪ್ಪಿಟ್ಟನ್ನ ಒಂದೇ ಉಸಿರಲ್ಲಿ ಹೇಳ್ಬೇಕು: ರವೆ ಹುರಿದು, ತೆಗೆದಿಟ್ಟು, ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಈರುಳ್ಳಿ ಬಾಡಿಸಿ, ನೀರು ಕುದಿಸಿ, ರವೆ ಉದುರಿಸಿ, ಮುಚ್ಚಿ, ಬೇಯಿಸಿ, ಇಳಿಸಿದೆ. ಕೊನೇದು ಮಾತ್ರ "ಇಳಿಸಿದೆ", ಅಲ್ಲೀವರೆಗೂ ಎಲ್ಲಾ ಇದು ಮಾಡಿ ಅದು ಮಾಡಿ ಅಂತ ಪೋಣಿಸ್ಕೊಂಡು ಹೋಗೋದು. ನಮ್ ಮಾತಿನ ನಡಿಗೆನೇ ಹಾಗಲ್ವಾ, ಇದು ಬಾಯಿಗೆ ಹತ್ತಿದ್ರೆ ಅಡುಗೆಮನೆ ಆಚೆನೂ ಮಾತು ಓಡುತ್ತೆ, ಬಸ್ ಹತ್ತಿ ಇಳಿದು ನಡ್ಕೊಂಡು ಬಂದೆ ಅನ್ನೋದೂ ಇದೇ ಥರ ತಾನೇ.

ಪ್ರದೇಶದ ಮಾತು ಮಾತ್ರ ಶುರುವಲ್ಲೇ ತುಂಬ್ಬೇಡಿ. ಹುಬ್ಬಳ್ಳಿ ಕಡೆ ಉಳ್ಳಾಗಡ್ಡಿ, ಮಂಗಳೂರು ಕಡೆ ನೀರುಳ್ಳಿ, ಅಲ್ಲಿ ಉಪ್ಪಿಟ್ಟಿಗೇ ಸಜ್ಜಿಗೆ ಅಂತಾರೆ, ಇದನ್ನೆಲ್ಲ ತಿಂತಾ ಕೂತಾಗ ಹರಟೆ ಥರ ಹೇಳಿದ್ರೆ ಸಾಕು. ಅಳತೆನೂ ಅಷ್ಟೇ, ಚಿಟಿಕೆ ಇಂಗು, ಒಂದ್ ಹಿಡಿ ಕಾಯಿತುರಿ ಅಂತ ಕೈಯಲ್ಲೇ ತೋರ್ಸಿ. ಪಾವು, ಸೇರು ಈಗ ನಮ್ ಮಕ್ಕಳಿಗೇ ಗೊತ್ತಿಲ್ಲ.

ಮುಂದಿನ ಅಡುಗೆನ ರುಚಿ ನೋಡಿ ಅಲ್ಲ, ಇನ್ನೂ ಬರ್ದೇ ಇರೋ ಮಾತು ನೋಡಿ ಆರಿಸ್ಕೊಳ್ಳಿ. ಚಟ್ನಿಗೆ ತುರಿಯೋದು, ರುಬ್ಬೋದು, ಅಕ್ಕಿ ರೊಟ್ಟಿಗೆ ಕಲಸೋದು, ತಟ್ಟೋದು, ಮಗುಚೋದು, ಸಾರಿಗೆ ನೆನೆಸೋದು, ಕಿವುಚೋದು, ಸೋಸೋದು. ಬಿಸಿಬೇಳೆಬಾತ್ ಕೇಳ್ತಾಳೆ ದಿನಾ, ಅದು ಸದ್ಯಕ್ಕೆ ಬೇಡ ಅಂದಿದೀನಿ, ಪುಡಿಗೆ ಹುರಿಯೋ ಸಾಮಾನಿನ ಹೆಸ್ರು ಹೇಳೋದ್ರಲ್ಲೇ ಹೊತ್ತು ಹೋಗುತ್ತೆ.