ಹಳೆ ಸರ್ವರಿಗೆ ಮಾತ್ರ ಗೊತ್ತಿದ್ದ ಹೆಸರುಗಳು

ಒಂದು ಸಾಂಸ್ಕೃತಿಕ ಸಂಘದ ಫೋಟೊ, ಕರಪತ್ರಗಳ ಸಂಗ್ರಹ ವಿಂಡೋಸ್ ಸರ್ವರಿನಲ್ಲಿತ್ತು: ಪುಟಗಳನ್ನು ಕೊಡುವ ಅಪಾಚೆ, ಕೋಡು ಓಡಿಸುವ ಪಿಎಚ್‌ಪಿ 5.6, ಡೇಟಾಬೇಸಿಗೆ ಮೈಎಸ್‌ಕ್ಯೂಎಲ್. ಅದನ್ನು ಲಿನಕ್ಸಿನ ಒಂದು ರೂಪವಾದ ಉಬುಂಟುಗೆ, ಅಪಾಚೆಯ ಬದಲು ಎಂಜಿನ್‌ಎಕ್ಸ್‌ಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಕೋಡು ಎರಡೇ ದಿನದಲ್ಲಿ ಹೊಸ ಕಡೆ ಓಡತೊಡಗಿತು. ಸದಸ್ಯರು ವರ್ಷಗಟ್ಟಲೆ ಅಪ್‌ಲೋಡ್ ಮಾಡಿದ್ದ ಫೈಲುಗಳಿಗೆ ಮಾತ್ರ ಎರಡು ವಾರ ಹಿಡಿಯಿತು.

ಅಪ್‌ಲೋಡ್ ಫೋಲ್ಡರನ್ನು ಎಸ್‌ಎಫ್‌ಟಿಪಿಯಲ್ಲಿ (ಫೈಲು ಸಾಗಿಸುವ ಒಂದು ವಿಧಾನ) ತಂದು ಪುಟ ತೆರೆದೆ. ಇಂಗ್ಲಿಷ್ ಹೆಸರಿನ ಚಿತ್ರಗಳು ಕಂಡವು, ಕನ್ನಡ ಹೆಸರಿನದು ಒಂದೂ ಇಲ್ಲ. ಡೇಟಾಬೇಸಿನಲ್ಲಿ ‘ಕನಕ ಜಯಂತಿ’ ಎಂದು ನೆಟ್ಟಗಿದ್ದ ಹೆಸರು ಡಿಸ್ಕಿನಲ್ಲಿ ಬೇರೆಯೇ ಆಗಿತ್ತು. ಮೊದಲ ‘ಕ’ ಇರಬೇಕಾದಲ್ಲಿ ತಲೆಯ ಮೇಲೆ ಓರೆಗೆರೆಯಿರುವ ಇಂಗ್ಲಿಷ್ ಎ, ಅದರ ಪಕ್ಕ ವರ್ಗ ಬರೆಯುವಾಗ ಹಾಕುವ ಪುಟ್ಟ 2, ಆಮೇಲೊಂದು ಕಪ್ಪು ಚುಕ್ಕೆ.

ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ಕ್ಕೆ ಮೂರು ಬೈಟು. ವಿಂಡೋಸ್ ಮೇಲಿನ ಪಿಎಚ್‌ಪಿ 7.1ಕ್ಕಿಂತ ಮೊದಲು ಫೈಲಿನ ಹೆಸರನ್ನು ಯುಟಿಎಫ್-8 ಎಂದು ನೋಡುತ್ತಿರಲಿಲ್ಲ. ಆ ಮೂರು ಬೈಟನ್ನೂ ಮೂರು ಪಾಶ್ಚಾತ್ಯ ಅಕ್ಷರವೆಂದು ಓದಿ ಡಿಸ್ಕಿಗೆ ಬರೆದಿತ್ತು. ತೆಗೆಯುವಾಗಲೂ ಅದೇ ತಪ್ಪು ಮಾಡುತ್ತಿದ್ದುದರಿಂದ ಫೈಲು ಸಿಗುತ್ತಿತ್ತು. ಇಷ್ಟು ವರ್ಷ ಯಾರಿಗೂ ತಿಳಿಯದೇ ಹೋದದ್ದು ಹಾಗೆ.

ಪೈಥಾನಿನಲ್ಲಿ ಕೆಟ್ಟ ಹೆಸರುಗಳನ್ನು ಮತ್ತೆ ಕನ್ನಡಕ್ಕೆ ತಿರುಗಿಸಲು ನೋಡಿದೆ. ‘ಕನಕ ಜಯಂತಿ’ ಸರಿಯಾಗಿ ಬಂತು, ‘ರಾಜ್ಯೋತ್ಸವ’ ಎರರ್ ಕೊಟ್ಟಿತು. ಹುಡುಕಿದರೆ ಅಡ್ಡ ಬಂದದ್ದು ಅರ್ಧಾಕ್ಷರದ ಚಿಹ್ನೆ, ಪ್ರತಿ ಒತ್ತಕ್ಷರದೊಳಗೂ ಅಡಗಿರುವುದು. ಅದರ ಮೂರನೇ ಬೈಟಿಗೆ ಆ ಹಳೆ ಪಾಶ್ಚಾತ್ಯ ಕೋಷ್ಟಕದಲ್ಲಿ ಅಕ್ಷರವೇ ಇಲ್ಲ. ಅಂದರೆ ಒತ್ತಕ್ಷರ ಇರುವ ಪ್ರತಿ ಹೆಸರೂ ಕೈಕೊಡುತ್ತಿತ್ತು, ಕನ್ನಡದಲ್ಲಿ ಒತ್ತಿಲ್ಲದ ಹೆಸರು ಎಷ್ಟು ಸಿಕ್ಕೀತು! ಜೊತೆಗೆ ಉದ್ದ ಹೆಸರಿನ ಕೆಲವು ಫೈಲು ಲಿನಕ್ಸಿಗೆ ಬಂದೇ ಇರಲಿಲ್ಲ. ಲಿನಕ್ಸ್ ಡಿಸ್ಕಿನಲ್ಲಿ ಫೈಲು ಇಡುವ ವ್ಯವಸ್ಥೆಯಾದ ಇಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟಿನ ಮಿತಿ. ಕೆಟ್ಟ ರೂಪದಲ್ಲಿ ನಮ್ಮ ಒಂದೊಂದು ಅಕ್ಷರ, ಒಂದೊಂದು ಚಿಹ್ನೆಯೂ ಆರೇಳು ಬೈಟು ತಿನ್ನುತ್ತದೆ. ನಲವತ್ತು ದಾಟುವಷ್ಟರಲ್ಲಿ ಜಾಗ ಮುಗಿಯಿತು.

ಎರರ್ ಕೊಟ್ಟದ್ದನ್ನು ಒಂದೊಂದಾಗಿ ತಿದ್ದುತ್ತಾ ಕೂರಬಹುದಿತ್ತು. ಆದರೆ ಆ ಹೆಸರುಗಳನ್ನು ಹಾಗೆ ಬರೆದದ್ದು ಹಳೆ ಪಿಎಚ್‌ಪಿ, ಓದಲು ಬರುವುದೂ ಅದಕ್ಕೇ. ಆ ಸರ್ವರ್ ಇನ್ನೂ ಜೀವಂತವಾಗಿತ್ತು. ಅಲ್ಲೇ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಡೇಟಾಬೇಸಿನ ಪ್ರತಿ ಸಾಲಿನ ಹೆಸರಿನಿಂದ ಫೈಲು ತೆರೆದು, ಆ ಸಾಲಿನ ಕ್ರಮಸಂಖ್ಯೆಯನ್ನೇ ಹೆಸರಾಗಿಟ್ಟು ಬೇರೆ ಫೋಲ್ಡರಿಗೆ ನಕಲು ಮಾಡಿ, ಫೈಲಿನ ಒಳಗಿನದರಿಂದ ಲೆಕ್ಕಹಾಕುವ ಗುರುತನ್ನು, ಅಂದರೆ ಶಾ1 ಮೊತ್ತವನ್ನು ಪಟ್ಟಿಗೆ ಸೇರಿಸುವುದು, ಇಷ್ಟೇ. ಒಂದೇ ರಾತ್ರಿಯಲ್ಲಿ ಮುಗಿಯಿತು. ಫೈಲಿನ ನಿಜವಾದ ಕನ್ನಡ ಹೆಸರು ಡೇಟಾಬೇಸಿನಲ್ಲೇ ಉಳಿಯಿತು. ಇಳಿಸಿಕೊಳ್ಳುವವರಿಗೆ ಈಗ ಅದನ್ನೇ ಕೊಡುತ್ತೇವೆ. ಇಂಗ್ಲಿಷ್ ಹೆಸರುಗಳ ದೊಡ್ಡಕ್ಷರ, ಸಣ್ಣಕ್ಷರವನ್ನು ವಿಂಡೋಸ್ ಒಂದೇ ಎಂದೂ ಲಿನಕ್ಸ್ ಬೇರೆ ಎಂದೂ ನೋಡುವ ತಕರಾರೂ ಇದರಲ್ಲೇ ತೀರಿತು.

ಹೊಸ ಅಪ್‌ಲೋಡುಗಳದು ಬೇರೆ ಕತೆ. ಹಳೆ ಕಡೆ ಅಪಾಚೆಗೆ ಸೂಚನೆ ಬರೆದಿಡುವ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಗಾತ್ರದ ಮಿತಿಗಳಿದ್ದವು, ಎಂಜಿನ್‌ಎಕ್ಸ್ ಅದನ್ನು ಓದುವುದೇ ಇಲ್ಲ. ಅದರ ಸ್ವಂತ ಮಿತಿ 1 ಎಂಬಿ, ಮೀರಿದರೆ ‘ಗಾತ್ರ ಹೆಚ್ಚಾಯಿತು’ ಎನ್ನುವ 413 ಎರರ್. ಅದನ್ನು ಏರಿಸಿದರೆ ಪಿಎಚ್‌ಪಿಯ 2 ಎಂಬಿ ಅಡ್ಡ, ಅದನ್ನೂ ಏರಿಸಿದರೆ ಇಡೀ ಫಾರಂಗೆ 8 ಎಂಬಿ. ಈ ಕೊನೆಯದು ಜನರನ್ನು ಬಹಳ ಕಾಡುತ್ತದೆ. ಮಿತಿ ಮೀರಿದರೆ ಪಿಎಚ್‌ಪಿ ಫೈಲಷ್ಟೇ ಅಲ್ಲ, ಇಡೀ ಫಾರಂ ಖಾಲಿ ಎಂದು ಒಪ್ಪಿಸುತ್ತದೆ. ಶೀರ್ಷಿಕೆ ತುಂಬಿದ ಹಿರಿಯರೊಬ್ಬರಿಗೆ ‘ಶೀರ್ಷಿಕೆ ಬರೆಯಿರಿ’ ಎಂದು ಮೂರು ಸಲ ತೋರಿಸಿತಂತೆ. ಫೋನ್ ಮಾಡಿ, “ನಾನೇ ಏನೋ ತಪ್ಪು ಮಾಡ್ತಿದ್ದೀನೇನಪ್ಪಾ?” ಅಂದರು. ಅವರದೇನೂ ತಪ್ಪಿರಲಿಲ್ಲ.

ಅದಕ್ಕಿಂತ ಅಪಾಯದ್ದು ಇನ್ನೊಂದು. ಅಪ್‌ಲೋಡ್ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದಂತೆ ತಡೆದಿದ್ದ ಸಾಲೂ ಅದೇ ಎಚ್‌ಟಿಆಕ್ಸೆಸ್‌ನಲ್ಲಿತ್ತು. ಪರೀಕ್ಷೆಗೆಂದು ಎರಡು ಸಾಲಿನ ಪಿಎಚ್‌ಪಿ ಫೈಲೊಂದನ್ನು ಅಲ್ಲಿಟ್ಟು ಬ್ರೌಸರಿನಲ್ಲಿ ತೆರೆದೆ. ಓಡಿತು! ಯಾರು ಬೇಕಾದರೂ ಒಳಗೆ ನುಗ್ಗಬಹುದಿತ್ತು. ಅವತ್ತೇ ಫೋಲ್ಡರನ್ನು ಬ್ರೌಸರಿಗೆ ನೇರ ಸಿಗುವ ವೆಬ್ ರೂಟ್ ಫೋಲ್ಡರಿನಿಂದ ಹೊರಗಿಟ್ಟು, ಫೈಲುಗಳನ್ನು ಅಪ್ಲಿಕೇಶನ್ ಮೂಲಕವೇ ಕೊಡುವಂತೆ ಬದಲಿಸಿದೆ.

ಕೊನೆಗೆ ಎರಡೂ ಕಡೆಯ ಶಾ1 ಪಟ್ಟಿ ಹೋಲಿಸಿದಾಗ ಎಲ್ಲ ತಾಳೆಯಾಯಿತು. ಡೇಟಾಬೇಸಿನಲ್ಲಿ ಸಾಲೇ ಇಲ್ಲದ ಕೆಲವು ಫೋಟೊ ಹಳೆ ಡಿಸ್ಕಿನಲ್ಲಿ ಉಳಿದಿದ್ದವು. ಅವನ್ನು ಅಳಿಸಲಿಲ್ಲ. ಬೇರೆ ಫೋಲ್ಡರಿಗೆ ಹಾಕಿ ಸಂಘದವರಿಗೆ ತೋರಿಸಿದ್ದೇನೆ. ಒಂದೊಂದನ್ನೇ ಗುರುತಿಸಿ ಹೆಸರು ಬರೆದು ಕಳಿಸುತ್ತಿದ್ದಾರೆ.