ಹೃದಯ ಹೇಗೆ ಹಿಂಡುತ್ತದೆ, ಹೇಗೆ ಸಡಿಲಗೊಳ್ಳುತ್ತದೆ?

ನಮ್ಮ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಕ್ಯಾಲ್ಸಿಯಂ ಬೇಕು. ಇದನ್ನು ತೋರಿಸಿದವರು ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್, 1883ರಲ್ಲಿ. ನಲ್ಲಿ ನೀರಿನ ಉಪ್ಪು ದ್ರಾವಣದಲ್ಲಿ ಚೆನ್ನಾಗಿ ಬಡಿಯುತ್ತಿದ್ದ ಕಪ್ಪೆಯ ಹೃದಯ, ಬಟ್ಟಿ ಇಳಿಸಿದ ನೀರಿನ ದ್ರಾವಣದಲ್ಲಿ ಸೋತು ನಿಂತಿತು. ನಲ್ಲಿ ನೀರಲ್ಲಿದ್ದ ಕ್ಯಾಲ್ಸಿಯಂ ಅದರಲ್ಲಿ ಇರಲಿಲ್ಲ.

ಹಂತ 1: ವಿದ್ಯುತ್ ಸಂಕೇತ ಬಂದಾಗ ಜೀವಕೋಶದ ಹೊರಪೊರೆಯಲ್ಲಿರುವ ಕ್ಯಾಲ್ಸಿಯಂ ಚಾನೆಲ್‌ಗಳು ತೆರೆಯುತ್ತವೆ. ಹೊರಗಿನಿಂದ ಸ್ವಲ್ಪ ಕ್ಯಾಲ್ಸಿಯಂ ಒಳಬರುತ್ತದೆ.

ಹಂತ 2: ಅಷ್ಟು ಸಾಲದು. ಆದರೆ ಕೋಶದೊಳಗೇ ಒಂದು ಕ್ಯಾಲ್ಸಿಯಂ ಉಗ್ರಾಣವಿದೆ. ಒಳಬಂದ ಕ್ಯಾಲ್ಸಿಯಂ ತಾಗಿದ ಕೂಡಲೇ ಉಗ್ರಾಣದ ಬಾಗಿಲುಗಳಾದ ರೈಯನೊಡಿನ್ ರಿಸೆಪ್ಟರ್‌ಗಳು ತೆರೆದುಕೊಳ್ಳುತ್ತವೆ. ಕೋಶದ ಕ್ಯಾಲ್ಸಿಯಂ ಕ್ಷಣದಲ್ಲಿ ಸುಮಾರು 10 ಪಟ್ಟು ಏರುತ್ತದೆ. ಕೈಕಾಲಿನ ಸ್ನಾಯುಗಳು ಪ್ರತಿ ಸಲ ಹೀಗೆ ಹೊರಗಿನ ಕ್ಯಾಲ್ಸಿಯಂಗೆ ಕಾಯುವುದಿಲ್ಲ.

ಹಂತ 3: ಎಳೆಯುವ ಕೆಲಸ ಮಯೋಸಿನ್ ಎಂಬ ಪ್ರೋಟೀನಿನದು. ಅದು ಆಕ್ಟಿನ್ ಎಳೆಯನ್ನು ಹಿಡಿಯಬೇಕು. ಹಿಡಿಯುವ ಜಾಗವನ್ನು ಟ್ರೋಪೊಮಯೋಸಿನ್ ಮುಚ್ಚಿಕೊಂಡಿರುತ್ತದೆ. ಅದಕ್ಕೆ ಟ್ರೋಪೋನಿನ್ ಚಿಲಕ ಇದ್ದಂತೆ. ಅದರ ‘ಸಿ’ ಎಂಬ ಭಾಗಕ್ಕೆ ಕ್ಯಾಲ್ಸಿಯಂ ಅಂಟಿದರೆ ‘ಐ’ ಎಂಬ ಭಾಗ ತನ್ನ ತಡೆ ಬಿಡುತ್ತದೆ, ಮುಚ್ಚಿದ್ದ ಜಾಗ ತೆರೆಯುತ್ತದೆ, ಮಯೋಸಿನ್ ಕೋಶದ ಇಂಧನವಾದ ಎಟಿಪಿಯ ಶಕ್ತಿಯಿಂದ ಎಳೆಯುತ್ತದೆ. ಹೃದಯಾಘಾತದ ಶಂಕೆ ಇದ್ದಾಗ ರಕ್ತದಲ್ಲಿ ಹುಡುಕುವುದು ಇದೇ ಟ್ರೋಪೋನಿನ್ನನ್ನು. ಸ್ನಾಯು ಹಾನಿಯಾದಾಗ ಅದು ರಕ್ತಕ್ಕೆ ಸೋರುತ್ತದೆ.

ಆರಾಮಾಗಿ ಕೂತಿರುವಾಗ ಎಲ್ಲಾ ಟ್ರೋಪೋನಿನ್‌ಗೂ ಕ್ಯಾಲ್ಸಿಯಂ ಸಿಗುವುದಿಲ್ಲ. ಹಾಗಾಗಿ ಕ್ಯಾಲ್ಸಿಯಂ ಜಾಸ್ತಿಯಾದರೆ ಹಿಂಡುವ ಬಲವೂ ಜಾಸ್ತಿ. ಓಡುವಾಗ ಈ ಉಳಿಕೆ ಬಲವೇ ಕೈಹಿಡಿಯುತ್ತದೆ.

ಹಂತ 4: ಎಲ್ಲರೂ ಹಿಂಡುವುದರ ಬಗ್ಗೆಯೇ ಮಾತಾಡುತ್ತಾರೆ. ನನಗೆ ಸಡಿಲಗೊಳ್ಳುವುದು ಅಷ್ಟೇ ಮುಖ್ಯ ಅನ್ನಿಸುತ್ತದೆ. ಹೃದಯಕ್ಕೆ ರಕ್ತ ತುಂಬುವುದು ಆಗಲೇ ಅಲ್ವಾ? ಇದು ಸುಮ್ನೆ ಆಗುವುದಿಲ್ಲ. ಸೆರ್ಕಾ ಎಂಬ ಪಂಪ್ ಎಟಿಪಿ ಖರ್ಚು ಮಾಡಿ ಕ್ಯಾಲ್ಸಿಯಂನ ಬಹುಪಾಲನ್ನು ಉಗ್ರಾಣಕ್ಕೆ ಮರಳಿ ತುಂಬುತ್ತದೆ. ಉಳಿದದ್ದು ಹೆಚ್ಚಾಗಿ ಸೋಡಿಯಂ ಜೊತೆ ಅದಲುಬದಲಾಗಿ ಕೋಶದಿಂದ ಹೊರಹೋಗುತ್ತದೆ. ಮಯೋಸಿನ್ ಹಿಡಿತ ಬಿಡುವುದಕ್ಕೂ ಹೊಸ ಎಟಿಪಿ ಬೇಕು.

ಫಾಸ್ಫೊಲ್ಯಾಂಬಾನ್ ಎಂಬ ಪುಟ್ಟ ಪ್ರೋಟೀನ್ ಈ ಪಂಪನ್ನು ತಡೆದು ನಿಧಾನ ಮಾಡುತ್ತದೆ. ಗಾಬರಿಯಾದಾಗ ಅಡ್ರಿನಲಿನ್ ಸಂಕೇತದಿಂದ ಅದಕ್ಕೆ ಫಾಸ್ಫೇಟ್ ಅಂಟುತ್ತದೆ, ತಡೆ ಸಡಿಲವಾಗುತ್ತದೆ. ಪಂಪ್ ಚುರುಕಾಗಿ ಹೃದಯ ಬೇಗ ಸಡಿಲಗೊಳ್ಳುತ್ತದೆ. ಉಗ್ರಾಣವೂ ಚೆನ್ನಾಗಿ ತುಂಬುವುದರಿಂದ ಮುಂದಿನ ಬಡಿತ ಇನ್ನೂ ಗಟ್ಟಿ.

ಹೃದಯ ವೈಫಲ್ಯದಲ್ಲಿ ಈ ಪಂಪ್ ಹಲವು ಸಲ ದುರ್ಬಲವಾಗಿರುತ್ತದೆ. ಆಗ ಕ್ಯಾಲ್ಸಿಯಂ ಬೇಗ ಖಾಲಿಯಾಗದೆ ಸ್ನಾಯು ನಿಧಾನವಾಗಿ ಸಡಿಲಗೊಳ್ಳುತ್ತದೆ. ಉಗ್ರಾಣ ಅರೆಬರೆ ತುಂಬಿರುವುದರಿಂದ ಮುಂದಿನ ಹಿಂಡುವಿಕೆಯೂ ಸೊರಗುತ್ತದೆ.